ಹೆಸರು ತಪ್ಪಿದ ಚಿತ್ರಗಳು

ಮನುಷ್ಯನು ತಾನು ಕೂಡಿಟ್ಟ ವಸ್ತುಗಳಿಗೆಲ್ಲ ಒಂದೊಂದು ಹೆಸರು ಕೊಟ್ಟು, ಬೇಕಾದಾಗ ಆ ಹೆಸರಿನಿಂದಲೇ ಅವುಗಳನ್ನು ಹುಡುಕಿ ತೆಗೆಯುತ್ತಾನೆ. ಅಡಿಗೆಮನೆಯ ಡಬ್ಬಿಗಳಿಂದ ಹಿಡಿದು ನಮ್ಮ ಕಾಲೇಜಿನ ಗ್ರಂಥಭಂಡಾರದವರೆಗೆ ಇದೇ ನಿಯಮ. ಜೀರಿಗೆಯ ಡಬ್ಬಿಯ ಮೇಲೆ ‘ಸಾಸಿವೆ’ ಎಂದು ಬರೆದಿದ್ದರೆ ಒಂದು ದಿನದ ಸಾರು ಕೆಡಬಹುದು, ಅಷ್ಟೆ. ಆದರೆ ಗ್ರಂಥಭಂಡಾರದಲ್ಲಿ ಒಂದು ಪುಸ್ತಕದ ಬೆನ್ನಿಗೆ ಇನ್ನೊಂದರ ಸಂಖ್ಯೆಯನ್ನು ಅಂಟಿಸಿಬಿಟ್ಟರೆ, ಆ ಪುಸ್ತಕವು ಕಪಾಟಿನಲ್ಲಿದ್ದೂ ಇಲ್ಲದಂತಾಗುವುದು. ಈಗ ಚಲನಚಿತ್ರಗಳಿಗೂ ಮನೆಮನೆಯಲ್ಲಿ ಇಂತಹ ಭಂಡಾರಗಳು ಹುಟ್ಟಿಕೊಳ್ಳುತ್ತಿವೆ. ಅಲ್ಲಿ ಚಿತ್ರಗಳ ಹೆಸರು ತಪ್ಪುವುದೇಕೆ, ಆ ತಪ್ಪನ್ನು ತಿದ್ದುವ ಕೆಲಸ ನಮ್ಮಂಥ ವಿದ್ಯಾರ್ಥಿಗಳಿಗೆ ಸೇರಿದ್ದೇಕೆ ಎಂಬ ವಿಷಯವಾಗಿ ನನ್ನ ಮನಸ್ಸಿನಲ್ಲಿರುವ ನಾಲ್ಕು ಮಾತುಗಳನ್ನು ಗುರುಗಳ ಮತ್ತು ಸಹಪಾಠಿಗಳ ಮುಂದಿಡಬಯಸುತ್ತೇನೆ.

ಈ ಭಂಡಾರವೆಂದರೇನೆಂದು ಅರಿಯದವರಿಗಾಗಿ ಒಂದೆರಡು ಮಾತು. ಮನೆಯಲ್ಲಿರುವ ಹಳೆಯ ಕಂಪ್ಯೂಟರೊಂದರಲ್ಲಿ ನಮ್ಮ ಚಿತ್ರಗಳನ್ನೆಲ್ಲ ಕೂಡಿಟ್ಟು, ಅದೇ ಮನೆಯ ದೂರದರ್ಶನದಲ್ಲಾಗಲಿ ಫೋನಿನಲ್ಲಾಗಲಿ ನೋಡುವಂತೆ ಮಾಡುವ ಏರ್ಪಾಡಿಗೆ ‘ಮೀಡಿಯಾ ಸರ್ವರ್’ ಎಂದು ಹೆಸರು. ಇಂಥ ಭಂಡಾರಗಳಿಗಾಗಿ ಪ್ಲೆಕ್ಸ್, ಜೆಲ್ಲಿಫಿನ್, ಕೋಡಿ ಮೊದಲಾದ ತಂತ್ರಾಂಶಗಳಿವೆ. ಇವುಗಳಲ್ಲಿ ಜೆಲ್ಲಿಫಿನ್ ೨೦೧೮ರಲ್ಲಿ ಎಂಬಿ ಎಂಬ ಇನ್ನೊಂದು ತಂತ್ರಾಂಶದಿಂದ ಕವಲೊಡೆದು ಬಂದುದು. ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ನಮ್ಮ ತಂದೆಯವರು ಕೆಲವು ವರ್ಷ ಸಿನಿಮಾ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿಯನ್ನು ಇಟ್ಟಿದ್ದರು. ಕಾಲ ಬದಲಾಗಿ ಅಂಗಡಿ ಮುಚ್ಚಿತು. ಡಿಸ್ಕುಗಳು ಗೋಣಿಚೀಲದಲ್ಲಿ ಉಳಿದವು. ಅವು ಬೂಸಲು ಹಿಡಿದು ಹಾಳಾಗುವ ಮೊದಲು ಒಂದು ಹಳೆಯ ಕಂಪ್ಯೂಟರಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹೀಗಾಗಿ ಈ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವುಂಟು.

ಈ ತಂತ್ರಾಂಶಗಳು ಚಿತ್ರವನ್ನು ನೋಡಿ ಗುರುತಿಸುತ್ತವೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಯಂತ್ರವು ಮುಖ್ಯವಾಗಿ ನೋಡುವುದು ಕಡತದ ಹೆಸರನ್ನು. ಆ ಹೆಸರಿನಿಂದ ಶೀರ್ಷಿಕೆಯನ್ನೂ ಇಸವಿಯನ್ನೂ ಬೇರ್ಪಡಿಸಿ, ಅವನ್ನು ಹೊರಗಿನ ಒಂದು ದೊಡ್ಡ ದಾಖಲೆಯೊಡನೆ ತಾಳೆ ನೋಡುತ್ತದೆ. ಜೆಲ್ಲಿಫಿನ್ ಮತ್ತು ಕೋಡಿಗಳು ಪ್ರಧಾನವಾಗಿ ನೆಚ್ಚಿರುವುದು ೨೦೦೮ರಲ್ಲಿ ಆರಂಭವಾದ, ಜನರೇ ಬರೆದು ಜನರೇ ತಿದ್ದುವ, ಟಿ.ಎಂ.ಡಿ.ಬಿ. ಎಂಬ ದಾಖಲೆಯನ್ನು. ಹೆಸರು ಹೊಂದಿತೆಂದು ಯಂತ್ರಕ್ಕೆ ತೋರಿದೊಡನೆ ಆ ದಾಖಲೆಯಲ್ಲಿರುವ ಭಿತ್ತಿಚಿತ್ರ, ನಟರ ಪಟ್ಟಿ, ಕಥಾಸಾರ ಎಲ್ಲವನ್ನೂ ತಂದು ನಮ್ಮ ಚಿತ್ರದ ಮೇಲೆ ಅಂಟಿಸಿಬಿಡುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದನಂತೆ! ಯಂತ್ರದ ಸ್ವಭಾವವೂ ಹಾಗೆಯೇ. ಅದಕ್ಕೆ ಸುಳ್ಳು ಹೇಳುವ ಉದ್ದೇಶವಿಲ್ಲ, ಅನುಮಾನಪಡುವ ಬುದ್ಧಿಯೂ ಇಲ್ಲ.

ಹೆಸರೇ ಇಲ್ಲದ ಕಡತವಾದರೆ ಅದರ ಪಾಡನ್ನು ಕೇಳುವುದೇ ಬೇಡ. ಹಳೆಯ ವಿ.ಸಿ.ಡಿ. ತಟ್ಟೆಯೊಳಗೆ ಯಾವ ಚಿತ್ರವಿದ್ದರೂ ಕಡತದ ಹೆಸರು ಮಾತ್ರ ‘ಎವಿಸೆಕ್ ೦೧’ ಎಂದೇ. ಡಿ.ವಿ.ಡಿ.ಯಲ್ಲಿಯೂ ‘ವಿಟಿಎಸ್ ೦೧’ ಎಂಬಂಥ ಒಂದೇ ಅಚ್ಚು. ಪೌರಾಣಿಕ, ಸಾಮಾಜಿಕ, ಪತ್ತೇದಾರಿ ಎಲ್ಲಕ್ಕೂ ಒಂದೇ ಹೆಸರು! ಊರಿನ ಮಕ್ಕಳಿಗೆಲ್ಲ ‘ಮಗು’ ಎಂದೇ ನಾಮಕರಣ ಮಾಡಿದಂತೆ. ಈ ಹೆಸರುಗಳನ್ನು ಕಂಡ ಯಂತ್ರವು ಏನನ್ನು ತಾನೇ ಹುಡುಕೀತು?

ಹೆಸರು ಇದ್ದರೂ ತೊಡಕು ತಪ್ಪದು. ನಮ್ಮ ‘ನಾಗರಹಾವು’ ಚಿತ್ರವನ್ನೇ ನೋಡೋಣ. ತ.ರಾ.ಸು. ಅವರ ಕಾದಂಬರಿಗಳನ್ನಾಧರಿಸಿ, ಚಿತ್ರದುರ್ಗದ ಕೋಟೆಯಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ೧೯೭೨ರದು. ಅದೇ ಹೆಸರಿನಲ್ಲಿ ಉಪೇಂದ್ರರು ನಟಿಸಿದ ಚಿತ್ರ ೨೦೦೨ರಲ್ಲಿ ಬಂತು. ಮತ್ತೆ ೨೦೧೬ರಲ್ಲಿ ಕೋಡಿ ರಾಮಕೃಷ್ಣರ ‘ನಾಗರಹಾವು’ ಬಂತು. ೨೦೦೯ರಲ್ಲಿ ತೀರಿಕೊಂಡ ವಿಷ್ಣುವರ್ಧನರ ರೂಪವನ್ನು ಕಂಪ್ಯೂಟರಿನ ನೆರವಿನಿಂದ ಈ ಮೂರನೆಯದರಲ್ಲಿ ಮರುಸೃಷ್ಟಿಸಿದ್ದರು. ಮೊದಲನೆಯದರ ನಾಯಕರೂ ಅವರೇ. ಹೆಸರೂ ಒಂದೇ, ಮುಖವೂ ಒಂದೇ ಆದಾಗ ಯಂತ್ರವೇನು, ಮನುಷ್ಯನೂ ತಡಬಡಿಸಬೇಕಾದುದೇ. ಹಾಗೆಯೇ ‘ಗಂಧದ ಗುಡಿ’ ಎಂದರೆ ರಾಜಕುಮಾರರು ಅರಣ್ಯಾಧಿಕಾರಿಯಾಗಿ ನಟಿಸಿದ ೧೯೭೩ರ ಚಿತ್ರವೋ, ಅವರ ಮಗ ಪುನೀತರು ಕಾಡುಮೇಡು ಸುತ್ತಿದ, ೨೦೨೨ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರವೋ? ಪವನ್ ಕುಮಾರರ ‘ಯು ಟರ್ನ್’ ೨೦೧೬ರ ಕನ್ನಡ ಚಿತ್ರ. ಅದೇ ಹೆಸರಿನಿಂದ ೨೦೧೮ರಲ್ಲಿ ತಮಿಳು ಮತ್ತು ತೆಲುಗಿನಲ್ಲಿ, ೨೦೨೩ರಲ್ಲಿ ಹಿಂದಿಯಲ್ಲಿ ಚಿತ್ರಗಳಾದವು; ಇವಕ್ಕೆಲ್ಲ ಮೊದಲೇ, ೧೯೯೭ರಲ್ಲಿ, ಅಮೆರಿಕದ ಆಲಿವರ್ ಸ್ಟೋನ್ ಎಂಬವರ ‘ಯು ಟರ್ನ್’ ಬಂದಿತ್ತು. ಪವನ್ ಕುಮಾರರ ‘ಲೂಸಿಯಾ’ (೨೦೧೩) ಚಿತ್ರಕ್ಕೂ ೧೯೬೮ರ ಕ್ಯೂಬಾ ದೇಶದ ಚಿತ್ರವೊಂದು ಸಮಾನನಾಮಿ. ಇಸವಿಯಿಲ್ಲದ ಹೆಸರನ್ನು ಕೊಟ್ಟರೆ, ದಾಖಲೆಯಲ್ಲಿ ಹೆಚ್ಚು ಪ್ರಸಿದ್ಧವಾದುದೇ ಅನೇಕ ವೇಳೆ ಮೇಲೆ ಬಂದು ಕೂರುತ್ತದೆ. ಲೋಕದಲ್ಲಿಯೂ ಹಾಗೆಯೇ ಅಲ್ಲವೇ?

“ಹೆಸರು ತಪ್ಪಿದರೇನಂತೆ? ಗುಂಡಿ ಒತ್ತಿದರೆ ಚಿತ್ರ ಓಡುತ್ತದೆಯಲ್ಲ!” ಎಂದು ಗೆಳೆಯರು ಕೆಲವರು ನಗುತ್ತಾರೆ. ಓದಬಲ್ಲವರಿಗೆ ಈ ಮಾತು ಒಂದು ಮಟ್ಟಿಗೆ ಸರಿಯಿರಬಹುದು. ಹೆಸರನ್ನು ಓದಿ, ಭಿತ್ತಿಚಿತ್ರವನ್ನು ನೋಡಿ, ಎರಡೂ ಹೊಂದದಿದ್ದರೆ ಕಡತವನ್ನು ತೆರೆದು ಅವರು ನಿಜ ತಿಳಿದಾರು. ಆದರೆ ಓದಲಾರದವರ ಗತಿಯೇನು? ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದ್ದು ನಾನೇ ಮೊದಲು. ನಮ್ಮ ಅಜ್ಜಿಗೆ ಅಕ್ಷರ ಬರದು. ಪರದೆಯ ಮೇಲೆ ಸಾಲಾಗಿ ನಿಂತ ಭಿತ್ತಿಚಿತ್ರಗಳೇ ಅವರ ಪಾಲಿನ ಅಕ್ಷರಮಾಲೆ. ಟೂರಿಂಗ್ ಟಾಕೀಸಿನ ಡೇರೆಯಲ್ಲಿ ನೆಲದ ಮೇಲೆ ಕುಳಿತು ಅವರು ನೋಡಿದ್ದ ‘ನಾಗರಹಾವು’ ನಮ್ಮ ಭಂಡಾರದಲ್ಲಿತ್ತು. ಆದರೆ ಅದರ ಮೇಲೆ ಯಂತ್ರವು ೨೦೧೬ರ ಚಿತ್ರದ ಭಿತ್ತಿಯನ್ನು ಅಂಟಿಸಿತ್ತು. ಅವರು ಒಂದು ಸಂಜೆ ಸಾಲನ್ನೆಲ್ಲ ಹುಡುಕಿ, “ನಮ್ಮ ಕಾಲದ್ದು ಇದರಲ್ಲಿಲ್ಲ” ಎಂದು ಹೇಳಿ ಎದ್ದುಹೋದರು. ಚಿತ್ರವು ಅಲ್ಲಿಯೇ ಇತ್ತು. ಓದುಬಾರದವರಿಗೆ ಚಿತ್ರಪಟವೇ ಹೆಸರಾಗಿರುವಾಗ, ಪಟ ತಪ್ಪಿತೆಂದರೆ ಚಿತ್ರವೇ ಕಳೆಯಿತು. ಈ ನಷ್ಟವನ್ನು ಸಣ್ಣದೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು. ಮೊದಲ ತಲೆಮಾರಿಗೆ ಓದುತ್ತಿರುವ ನಮ್ಮಲ್ಲನೇಕರು ಹೆಸರು ತಿದ್ದುವ ಕೆಲಸದಲ್ಲಿಯೇ ಬೆಳೆದವರು. ತಂದೆಯ ಹೆಸರು ಪಡಿತರ ಚೀಟಿಯಲ್ಲಿ ಒಂದು ಬಗೆ, ಪಹಣಿಯಲ್ಲಿ ಇನ್ನೊಂದು ಬಗೆ, ಮತದಾರರ ಪಟ್ಟಿಯಲ್ಲಿ ಮತ್ತೊಂದು ಬಗೆ. ಮೂವರೂ ಒಬ್ಬರೇ ಎಂದು ಅರ್ಜಿ ಬರೆದು ಹೊತ್ತು ತಿರುಗುವವನು ಮನೆಯಲ್ಲಿ ಅಕ್ಷರ ಕಲಿತ ಮಗನೋ ಮಗಳೋ. ಒಂದು ‘ಪ್ಪ’ಕ್ಕೆ ಬದಲು ‘ಯ್ಯ’ ಬಿದ್ದುದರಿಂದ ನಿಂತುಹೋದ ಪಿಂಚಣಿಗಳ ಕಥೆ ಯಾವ ಹಳ್ಳಿಯಲ್ಲಿಲ್ಲ? ದಾಖಲೆಯ ತಪ್ಪು ಎಂದರೆ ಏನೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಮನುಷ್ಯರ ವಿಷಯದಲ್ಲಿ ಕಲಿತ ಈ ಪಾಠವನ್ನು ಕಲಾಕೃತಿಗಳ ವಿಷಯದಲ್ಲಿ ಮರೆಯುವುದು ತಕ್ಕುದಲ್ಲ.

ಇಲ್ಲಿ ನನ್ನ ಮೊದಲನೆಯ ಅಭಿಪ್ರಾಯವನ್ನು ಹೇಳುತ್ತೇನೆ. ತಪ್ಪು ಹೆಸರಿಗಿಂತ ಹೆಸರಿಲ್ಲದಿರುವುದೇ ಮೇಲು. ಗುರುತು ಸಿಗದ ಚಿತ್ರವು ಬರಿಯ ಕಡತದ ಹೆಸರಿನೊಡನೆ ಬೋಳಾಗಿ ನಿಂತಿರುತ್ತದೆ, ಕಂಡವರು “ಇದೇನಪ್ಪಾ?” ಎಂದು ಕೇಳುತ್ತಾರೆ. ಆ ಪ್ರಶ್ನೆಯೇ ನಿಜದ ದಾರಿ. ತಪ್ಪು ಗುರುತಿನ ಚಿತ್ರವಾದರೋ ಭಿತ್ತಿಚಿತ್ರ, ನಟವರ್ಗ, ಕಥಾಸಾರಗಳನ್ನೆಲ್ಲ ಉಟ್ಟುತೊಟ್ಟು ನಿಂತಿರುತ್ತದೆ; ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಅದಕ್ಕೆ ಸಲ್ಲುತ್ತದೆ. ಆದುದರಿಂದ ಸರಿಯಾದುದು ತಿಳಿಯುವವರೆಗೆ ತಪ್ಪು ಗುರುತನ್ನು ಕಳಚಿಡಬೇಕು. ಪ್ಲೆಕ್ಸಿನಲ್ಲಿ ಇದಕ್ಕೆ ‘ಅನ್‌ಮ್ಯಾಚ್’ ಎಂಬ ಸೌಕರ್ಯವಿದೆ.

ಹಾಗಾದರೆ ಸರಿಯಾದುದನ್ನು ಅರಿಯುವುದು ಹೇಗೆ? ಚಿತ್ರವನ್ನು ತೆರೆದು ನೋಡಬೇಕು, ಬೇರೆ ಉಪಾಯವಿಲ್ಲ. ಚಿತ್ರದ ಆರಂಭದಲ್ಲಿ ಸೆನ್ಸಾರ್ ಮಂಡಲಿಯ ಪ್ರಮಾಣಪತ್ರವು ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೆಸರು, ಭಾಷೆ, ದಿನಾಂಕ, ಚಿತ್ರದ ಉದ್ದ ಎಲ್ಲವೂ ಅದರಲ್ಲಿರುತ್ತವೆ. ಅನಂತರ ಶೀರ್ಷಿಕೆಯ ಫಲಕಗಳಲ್ಲಿ ನಿರ್ದೇಶಕರ ಹೆಸರನ್ನು ಓದಬೇಕು. ದಾಖಲೆಯಲ್ಲಿರುವ ಅವಧಿಗೂ ನಮ್ಮ ಕಡತದ ಅವಧಿಗೂ ಬಹಳ ಅಂತರವಿದ್ದರೆ ಅನುಮಾನಿಸಬೇಕು. ಚಿತ್ರವು ಎರಡು ತಟ್ಟೆಗಳಲ್ಲಿದ್ದರೆ ಅರ್ಧವನ್ನು ಪೂರ್ಣವೆಂದು ಎಣಿಸದಂತೆ ಎಚ್ಚರವಹಿಸಬೇಕು.

ನಿಜವು ತಿಳಿದ ಮೇಲೆ ಪ್ರತಿಯೊಂದು ಚಿತ್ರಕ್ಕೂ ಒಂದೊಂದು ಪ್ರತ್ಯೇಕ ಕೋಶ ಮಾಡಿ, ಕೋಶಕ್ಕೂ ಕಡತಕ್ಕೂ ಚಿತ್ರದ ಹೆಸರನ್ನಿಟ್ಟು, ಆವರಣ ಚಿಹ್ನೆಯೊಳಗೆ ಇಸವಿಯನ್ನು ಇಂಗ್ಲಿಷ್ ಅಂಕಿಗಳಲ್ಲಿ ಬರೆಯುವುದು ಕ್ಷೇಮ. ಬಹುಪಾಲು ತಪ್ಪುಗಳು ಇಷ್ಟರಿಂದಲೇ ಮಾಯವಾಗುತ್ತವೆ. ಉಳಿದವುಗಳಿಗಾಗಿ ಪ್ಲೆಕ್ಸಿನಲ್ಲಿ ‘ಫಿಕ್ಸ್ ಮ್ಯಾಚ್’ ಎಂದೂ ಜೆಲ್ಲಿಫಿನ್‌ನಲ್ಲಿ ‘ಐಡೆಂಟಿಫೈ’ ಎಂದೂ ಗುಂಡಿಗಳಿವೆ. ಅಲ್ಲಿ ಹೆಸರನ್ನೂ ಇಸವಿಯನ್ನೂ ನಾವೇ ಕೊಟ್ಟು, ಬಂದ ಪಟ್ಟಿಯಲ್ಲಿ ಸರಿಯಾದುದನ್ನು ಆರಿಸಬಹುದು. ಇಸವಿಯ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ‘ತಿಥಿ’ ಚಿತ್ರವು ೨೦೧೫ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನಮ್ಮ ಚಿತ್ರಮಂದಿರಗಳಿಗೆ ಬಂದುದು ೨೦೧೬ರಲ್ಲಿ. ನಾವು ಟಿಕೆಟು ಕೊಂಡ ವರ್ಷವೇ ದಾಖಲೆಯ ವರ್ಷವಾಗಿರಬೇಕೆಂದಿಲ್ಲ.

ಕೆಲವೊಮ್ಮೆ ಹೆಸರೂ ಇಸವಿಯೂ ಎರಡೂ ಸಾಲವು. ೧೯೬೫ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ರಾಜಕುಮಾರರನ್ನು ನಾಯಕರನ್ನಾಗಿಸಿ ಕನ್ನಡದಲ್ಲಿ ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದರು. ಅದೇ ೧೯೬೫ರಲ್ಲಿ ಎನ್.ಟಿ. ರಾಮರಾಯರು ನಾಯಕರಾದ ತೆಲುಗು ‘ಸತ್ಯ ಹರಿಶ್ಚಂದ್ರ’ವೂ ಬಂತು. ಸತ್ಯಕ್ಕಾಗಿ ರಾಜ್ಯವನ್ನೇ ಬಿಟ್ಟವನ ಚಿತ್ರಕ್ಕೆ ಸುಳ್ಳು ಗುರುತು ಬೀಳುವುದೆಂದರೆ ಅದೆಂಥ ವಿಧಿವಿಲಾಸ! ಇಂಥಲ್ಲಿ ನೆರವಿಗೆ ಬರುವುದು ಸಂಖ್ಯೆ. ನಮ್ಮ ಗ್ರಂಥಭಂಡಾರದ ಪ್ರತಿಯೊಂದು ಪುಸ್ತಕಕ್ಕೂ ಒಂದು ದಾಖಲಾತಿ ಸಂಖ್ಯೆಯಿರುವಂತೆ, ಟಿ.ಎಂ.ಡಿ.ಬಿ.ಯಲ್ಲಿಯೂ ಐ.ಎಂ.ಡಿ.ಬಿ.ಯಲ್ಲಿಯೂ ಪ್ರತಿಯೊಂದು ಚಿತ್ರಕ್ಕೂ ಒಂದೊಂದು ಸಂಖ್ಯೆಯುಂಟು. ಆ ಸಂಖ್ಯೆಯನ್ನು ಕೋಶದ ಹೆಸರಿನ ಕೊನೆಯಲ್ಲಿ, ಪ್ಲೆಕ್ಸಿಗಾದರೆ ಬಳುಕಿದ ಆವರಣ ಚಿಹ್ನೆಯೊಳಗೆ, ಜೆಲ್ಲಿಫಿನ್‌ಗಾದರೆ ಚೌಕಾಕಾರದ ಆವರಣ ಚಿಹ್ನೆಯೊಳಗೆ, ಆಯಾ ತಂತ್ರಾಂಶವು ಹೇಳಿದ ಕ್ರಮದಲ್ಲಿ ಬರೆದರೆ ಯಂತ್ರವು ಊಹಿಸುವುದನ್ನು ಬಿಟ್ಟು ಹೇಳಿದಂತೆ ಕೇಳುತ್ತದೆ. ಹೆಸರು ಇಬ್ಬರಿಗಿರಬಹುದು, ಸಂಖ್ಯೆ ಒಬ್ಬರದೇ.

ಇಷ್ಟು ಮಾಡಿದರೆ ನಮ್ಮ ಮನೆಯ ಭಂಡಾರವು ಸರಿಯಾದೀತು. ಆದರೆ ಅಲ್ಲಿಗೆ ನಿಲ್ಲುವುದು ಸಾಲದೆಂಬುದೇ ನನ್ನ ಎರಡನೆಯ ಅಭಿಪ್ರಾಯ, ಈ ಲೇಖನದ ಮುಖ್ಯ ಉದ್ದೇಶವೂ ಅದೇ. ಯಂತ್ರವು ಏಕೆ ತಪ್ಪಿತು? ನಾವು ಕೊಟ್ಟ ಹೆಸರು ಅರೆಬರೆಯಾಗಿತ್ತೆಂಬುದು ಒಂದು ಕಾರಣವಾದರೆ, ದಾಖಲೆಯಲ್ಲಿ ನಮ್ಮ ಚಿತ್ರದ ವಿವರವೇ ಅರೆಬರೆಯಾಗಿತ್ತೆಂಬುದು ಇನ್ನೊಂದು. ಹಳೆಯ ಕನ್ನಡ ಚಿತ್ರವೊಂದರ ಪುಟವನ್ನು ತೆರೆದರೆ ಅನೇಕ ಸಲ ನಾಲ್ಕಾರು ನಟರ ಹೆಸರು ಮಾತ್ರ ಕಾಣುತ್ತದೆ. ಭಿತ್ತಿಚಿತ್ರವಿರುವುದಿಲ್ಲ, ಕಥಾಸಾರವಿರುವುದಿಲ್ಲ, ಹಿನ್ನೆಲೆ ಗಾಯಕರ, ಸಂಕಲನಕಾರರ ಸುಳಿವೂ ಇರುವುದಿಲ್ಲ. ಇದ್ದ ಹೆಸರಾದರೂ ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಬರೆದಂತೆ. ಆ ಲಿಪಿಯಲ್ಲಿ ನಮ್ಮ ‘ಲ’ಕಾರ ‘ಳ’ಕಾರಗಳು ಒಂದಾಗುತ್ತವೆ, ‘ನ’ಕಾರ ‘ಣ’ಕಾರಗಳು ಒಂದಾಗುತ್ತವೆ, ಹ್ರಸ್ವ ದೀರ್ಘಗಳು ಬರೆಯುವವನ ಮರ್ಜಿಗೆ ಬೀಳುತ್ತವೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (೧೯೭೭) ಎಂಬ ಒಂದು ಹೆಸರನ್ನು ರೋಮನ್ ಅಕ್ಷರದಲ್ಲಿ ಎಷ್ಟು ಬಗೆಯಾಗಿ ಬರೆಯಬಹುದೆಂದು ಸಹಪಾಠಿಗಳು ಪ್ರಯತ್ನಿಸಿ ನೋಡಲಿ! ಆ ಚಿತ್ರವನ್ನು ಪುನರುಜ್ಜೀವನಗೊಳಿಸಿ ೨೦೨೪ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಹೊರಗಿನವರು ಅಷ್ಟು ಆದರದಿಂದ ಕಂಡುದನ್ನು ನಮ್ಮ ಮನೆಯ ಯಂತ್ರವು ಗುರುತಿಸದೆ ಹೋದರೆ ದೋಷ ಯಂತ್ರದ್ದೆಂದು ಹೇಗೆ ಹೇಳಲಿ?

ಈ ದಾಖಲೆಯನ್ನು ಬರೆಯುವವರು ಎಲ್ಲಿಯೋ ಕುಳಿತ ಸಂಬಳದ ಗುಮಾಸ್ತರಲ್ಲ. ಯಾರು ಬೇಕಾದರೂ ಹಣ ಕೊಡದೆ ಸದಸ್ಯರಾಗಿ ಟಿ.ಎಂ.ಡಿ.ಬಿ.ಯಲ್ಲಿ ಬರೆಯಬಹುದು, ತಿದ್ದಬಹುದು. ಮೂಲ ಹೆಸರಿಗೆ ಒಂದು ಅಂಕಣ, ಪರ್ಯಾಯ ಹೆಸರುಗಳಿಗೆ ಒಂದು, ಭಾಷಾಂತರಕ್ಕೆ ಒಂದು, ಹೀಗೆ ಬೇರೆ ಬೇರೆ ಅಂಕಣಗಳಿವೆ. ನಾವು ಕನ್ನಡ ಲಿಪಿಯಲ್ಲಿ ಮೂಲ ಹೆಸರನ್ನು ಬರೆದು, ಬಳಕೆಯಲ್ಲಿರುವ ರೋಮನ್ ರೂಪಗಳನ್ನು ಪರ್ಯಾಯವಾಗಿ ಸೇರಿಸಿದರೆ, ಬೀದರಿನಲ್ಲಿಯೋ ಮುಂಬಯಿಯಲ್ಲಿಯೋ ಅಮೆರಿಕದಲ್ಲಿಯೋ ಇರುವ ಇನ್ನೊಬ್ಬ ಕನ್ನಡಿಗನ ಮನೆಯಲ್ಲಿ ಅದೇ ಚಿತ್ರದ ಗುರುತು ಹತ್ತುವುದು ಸುಲಭವಾಗುತ್ತದೆ. ಮನೆಯಲ್ಲಿ ತಿದ್ದಿದರೆ ಒಂದು ಮನೆಗೆ ಬೆಳಕು; ಮೂಲದಲ್ಲಿ ತಿದ್ದಿದರೆ ಬೀದಿಗೆಲ್ಲ ಬೆಳಕು. ಹಾಗೆಯೇ ಮೂಲದಲ್ಲಿ ತಪ್ಪು ಬರೆದರೆ ಬೀದಿಗೆಲ್ಲ ಕತ್ತಲೆ. ಆದುದರಿಂದ ಕೇಳಿದ್ದನ್ನಲ್ಲ, ಚಿತ್ರದಲ್ಲಿ ಕಣ್ಣಾರೆ ಓದಿದ್ದನ್ನು ಮಾತ್ರ ಬರೆಯತಕ್ಕದ್ದು.

ಈ ಕೆಲಸಕ್ಕೆ ನಮಗಿರುವ ಒಂದು ವಿಶೇಷ ಅರ್ಹತೆಯನ್ನು ನೆನಪಿಸುತ್ತೇನೆ. ಹಳೆಯ ಚಿತ್ರಗಳ ಶೀರ್ಷಿಕೆ ಫಲಕಗಳು ಹೆಚ್ಚಾಗಿ ಕನ್ನಡದಲ್ಲಿಯೇ ಇವೆ. ಮುಖ್ಯ ನಟರ ಅನಂತರ, ಸಣ್ಣ ಅಕ್ಷರಗಳಲ್ಲಿ, ಪ್ರಸಾಧನ ಮಾಡಿದವರು, ಉಡುಪು ಹೊಲಿದವರು, ಧ್ವನಿ ಹಿಡಿದವರು, ಸ್ಥಿರಚಿತ್ರ ತೆಗೆದವರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ. ಅವರ ಹೆಸರು ಇನ್ನೆಲ್ಲಿಯೂ ಬರೆದಿಲ್ಲದಿರಬಹುದು. ಕನ್ನಡ ಓದಲಾರದ ಪರದೇಶದ ಉತ್ಸಾಹಿಗೆ ಆ ಅಕ್ಷರಗಳು ಬರಿಯ ಗೆರೆಗಳು. ನಮಗೆ ಅವು ಹೆಸರುಗಳು. ಚಿತ್ರವನ್ನು ಒಂದು ಗಳಿಗೆ ನಿಲ್ಲಿಸಿ ಆ ಫಲಕವನ್ನು ಓದಿ ಬರೆಯಲು ಬೇಕಾದುದು ದೊಡ್ಡ ವಿದ್ಯೆಯಲ್ಲ; ನಮ್ಮ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಕಲಿಸಿದ ಅಕ್ಷರವಷ್ಟೆ.

“ಈಗ ಎಲ್ಲವೂ ಫೋನಿಗೇ ಬರುತ್ತದೆ, ಮನೆಯಲ್ಲಿ ಭಂಡಾರವೇಕೆ?” ಎಂದು ಆಕ್ಷೇಪಿಸುವವರಿದ್ದಾರೆ. ಫೋನಿಗೆ ಬರುವ ಚಿತ್ರಗಳು ಕಂಪನಿಗಳ ಕರಾರಿನ ಮೇಲೆ ಬರುತ್ತವೆ, ಕರಾರು ತೀರಿದಾಗ ಹೋಗುತ್ತವೆ. ಹಣ ತಾರದ ಹಳೆಯ ಚಿತ್ರವನ್ನು ಯಾವ ಕಂಪನಿಯೂ ಸಾಕುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ೧೯೩೪ರ ಮಾರ್ಚ್ ೩ರಂದು ತೆರೆಕಂಡಿತೆಂದು ನಾವೆಲ್ಲ ಬಲ್ಲೆವು. ಆದರೆ ನೋಡೋಣವೆಂದರೆ ಅದರ ಪ್ರತಿ ಇಲ್ಲ. ಅಲ್ಲಿ ಹೆಸರು ಉಳಿದು ಚಿತ್ರ ಹೋಯಿತು. ನಮ್ಮ ಮನೆಗಳ ಗೋಣಿಚೀಲಗಳಲ್ಲಿ ಚಿತ್ರ ಉಳಿದು ಹೆಸರು ಹೋಗುತ್ತಿದೆ. ಮೊದಲನೆಯ ನಷ್ಟವನ್ನು ತುಂಬಲು ನಮ್ಮಿಂದಾಗದು, ಎರಡನೆಯದನ್ನು ತಡೆಯಲಾದೀತು.

ಪರೀಕ್ಷೆಯ ವರ್ಷದಲ್ಲಿ ಸಿನಿಮಾದ ಗೊಡವೆಯೇಕೆಂದು ಗುರುಗಳಲ್ಲಿ ಕೆಲವರಿಗೆ ತೋರಬಹುದು. ಆದರೆ ಒಂದು ವಸ್ತುವನ್ನು ಕಣ್ಣಾರೆ ಪರೀಕ್ಷಿಸುವುದು, ಎರಡು ಸಾಕ್ಷ್ಯಗಳನ್ನು ತಾಳೆ ನೋಡುವುದು, ಇಸವಿಯನ್ನು ನಿರ್ಣಯಿಸುವುದು, ತಿಳಿಯದಿದ್ದಲ್ಲಿ ಊಹಿಸದೆ ಖಾಲಿ ಬಿಡುವುದು, ಇವೆಲ್ಲ ಇತಿಹಾಸದ ತರಗತಿಯಲ್ಲಿ ಶಾಸನಗಳ ವಿಷಯವಾಗಿ ಅವರೇ ನಮಗೆ ಕಲಿಸಿದ ಕ್ರಮಗಳಲ್ಲವೇ? ಕಲ್ಲಿನ ಮೇಲಿನ ಬರಹಕ್ಕೆ ಸಲ್ಲುವ ಗೌರವ ಪರದೆಯ ಮೇಲಿನ ಬರಹಕ್ಕೂ ಸಲ್ಲಲಿ.

ಆದುದರಿಂದ ನನ್ನದೊಂದು ಸೂಚನೆ. ನಮ್ಮ ಕನ್ನಡ ಸಂಘವೂ ಇತಿಹಾಸ ಸಂಘವೂ ಕೂಡಿ ಬರುವ ವರ್ಷದಿಂದ ಈ ಕೆಲಸವನ್ನು ಕೈಗೊಳ್ಳಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರನ್ನು ಕೇಳಿ ಅವರಿಗೆ ಪ್ರಿಯವಾದ ಒಂದೇ ಒಂದು ಹಳೆಯ ಕನ್ನಡ ಚಿತ್ರವನ್ನು ಆರಿಸಿಕೊಳ್ಳಲಿ. ಅದರ ಫಲಕಗಳನ್ನು ಓದಿ, ದಾಖಲೆಯೊಡನೆ ಹೋಲಿಸಿ, ಬಿಟ್ಟುಹೋದುದನ್ನು ಸೇರಿಸಲಿ, ತಪ್ಪಿದ್ದನ್ನು ತಿದ್ದಲಿ. ತಿದ್ದುವ ಮೊದಲು ಒಬ್ಬ ಅಧ್ಯಾಪಕರು ಕಣ್ಣಾಡಿಸಲಿ. ಹಾಗೆ ತಿದ್ದಿದ ಚಿತ್ರಗಳ ಪಟ್ಟಿಯೊಂದನ್ನು ಗ್ರಂಥಭಂಡಾರದಲ್ಲಿಡಲಿ. ಇದಕ್ಕೆ ಚಂದಾ ಬೇಡ, ಕಟ್ಟಡ ಬೇಡ, ಉದ್ಘಾಟನೆಯೂ ಬೇಡ. ತರಗತಿಗೆ ಮೂವತ್ತು ಮಂದಿಯಾದರೆ ವರ್ಷಕ್ಕೆ ಮೂವತ್ತು ಚಿತ್ರಗಳು ತಮ್ಮ ಹೆಸರನ್ನು ಮರಳಿ ಪಡೆಯುತ್ತವೆ. ನಮಗೆ ಓದು ಕೊಡಿಸಿದ ಹಿರಿಯರು ತಮ್ಮ ಕಾಲದ ಚಿತ್ರವನ್ನು ಯಾರ ನೆರವೂ ಇಲ್ಲದೆ, ತಾವಾಗಿಯೇ ಹುಡುಕಿಕೊಳ್ಳುವಂತಾದರೆ, ಆ ಓದಿನ ಸಾಲದಲ್ಲಿ ಸ್ವಲ್ಪವಾದರೂ ತೀರಿದಂತೆ.

— ಅಂತಿಮ ಬಿ.ಎ.